ಐವತ್ತನೆಯ ಹಸು

ಎಲ್ಲಕ್ಕೂ ಮೂಲ ಒಂದು ಸೀನು. ಆ ಸಂಜೆ ಜಾನುವಾರು ರೋಗ ಪರೀಕ್ಷಾಲಯದಲ್ಲಿ ಐವತ್ತು ಹಸುಗಳ ರಕ್ತದ ಕೊಳವೆಗಳನ್ನು ಸಾಲಾಗಿ ಸ್ಟ್ಯಾಂಡಿಗೆ ಸೇರಿಸುತ್ತಿದ್ದ ಹಂಗಾಮಿಗೆ, ಕೊನೆಯ ಕೊಳವೆ ಬೆರಳ ತುದಿಯಲ್ಲಿದ್ದಾಗಲೇ ಸೀನು ಬಂತು. ಕೊಳವೆ ಜಾರಿ ಸಿಂಕಿಗೆ ಬಿದ್ದು ಚೂರಾಯಿತು. ಅವನು ಮೂಗು ಒರೆಸಿಕೊಂಡು ನೋಡುವಷ್ಟರಲ್ಲಿ ಐವತ್ತನೆಯ ಹಸು ನಲ್ಲಿ ನೀರಿನ ಜೊತೆ ಚರಂಡಿ ಸೇರಿತ್ತು.

ಹಂಗಾಮಿ ಅನ್ನುವುದು ಅವನ ಹೆಸರಲ್ಲ, ಸ್ಥಿತಿ. ಕೆಲವು ತಿಂಗಳ ಮಟ್ಟಿಗೆ ಎಂದು ಕೆಲಸಕ್ಕೆ ಸೇರಿದವನು. ಆಮೇಲೆ ಮದುವೆಯಾಯಿತು, ಎರಡು ಮಕ್ಕಳಾದವು, ಮಕ್ಕಳು ಶಾಲೆಗೆ ಸೇರಿದರು, ನೆತ್ತಿಯ ಕೂದಲು ಒಂದೊಂದಾಗಿ ಜಾಗ ಖಾಲಿ ಮಾಡಿತು. ಕೆಲಸ ಮಾತ್ರ ಕಾಯಂ ಆಗಲಿಲ್ಲ. "ಆ ಹಂಗಾಮಿನ ಕರೀರಿ" ಎಂದು ಕರೆದು ಕರೆದು ಅದೇ ಅವನಿಗೆ ಅಂಟಿಕೊಂಡಿತು. ಅವನ ಅತ್ತೆ ಕೂಡ ಫೋನಿನಲ್ಲಿ ಮಗಳನ್ನು "ಹಂಗಾಮಿ ಅಳಿಯಂದಿರು ಮನೇಲಿದಾರಾ" ಎಂದೇ ವಿಚಾರಿಸುತ್ತಿದ್ದರು. ಅದು ಬರೀ ಅಭ್ಯಾಸದ ಮಾತೋ ಅಥವಾ ಅವರಿಗೆ ಬೇರೆ ಏನಾದರೂ ಆಸೆ ಇತ್ತೋ ಎಂದು ಕೆದಕಲು ಅವನು ಹೋಗಿರಲಿಲ್ಲ.

ಈ ವರ್ಷ ಮಾತ್ರ ನಿಜವಾಗಿಯೂ ಆಸೆ ಹುಟ್ಟುವಂತಿತ್ತು. ಪರೀಕ್ಷಾಲಯಕ್ಕೆ ಒಂದು ಕಾಯಂ ಹುದ್ದೆ ಮಂಜೂರಾಗಿತ್ತು. ಮರುದಿನ ಮಧ್ಯಾಹ್ನ ಆಯುಕ್ತರು ಬರುವವರಿದ್ದರು. ಕಂದು ರೋಗವನ್ನು ಪತ್ತೆ ಮಾಡುವ ಮೂರು ರಕ್ತಪರೀಕ್ಷೆಗಳಲ್ಲಿ ಯಾವುದು ಮೇಲು ಎಂದು ಅವರಿಗೆ ಹೋಲಿಸಿ ತೋರಿಸಬೇಕು, ಅವರು ಮೆಚ್ಚಬೇಕು, ಮೆಚ್ಚಿದ ಕೈಯಲ್ಲೇ ಆ ಹುದ್ದೆಯನ್ನು ಹಂಗಾಮಿಗೆ ಕೊಡಬೇಕು. ನಿರ್ದೇಶಕರು ಹಾಗೆಂದು ಮಾತು ಕೊಟ್ಟಿದ್ದರು.

ಕಂದು ರೋಗ ಬಂದ ಹಸು ಕಂದು ಹಾಕುತ್ತದೆ, ಅಂದರೆ ದಿನ ತುಂಬುವ ಮೊದಲೇ ಕರು ಹಾಕುತ್ತದೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ, ರಕ್ತವನ್ನೇ ಕೇಳಬೇಕು. ಹಂಗಾಮಿ ಕೇಳುತ್ತಿದ್ದದ್ದು ಗುಲಾಬಿ ಪರೀಕ್ಷೆಯಲ್ಲಿ. ಬಿಳಿ ಬಿಲ್ಲೆಯ ಮೇಲೆ ರಕ್ತದ ತಿಳಿ ಒಂದು ತೊಟ್ಟು, ಗುಲಾಬಿ ಬಣ್ಣದ ದ್ರಾವಣ ಒಂದು ತೊಟ್ಟು ಹಾಕಿ ಅತ್ತಿತ್ತ ತೂಗಿದರೆ ಲೋಟದ ಚಹಾ ಆರುವುದರೊಳಗೆ ಉತ್ತರ ಸಿಗುತ್ತಿತ್ತು. ಒಡೆದ ಹಾಲಿನ ಹಾಗೆ ತರಿತರಿಯಾದರೆ ರೋಗ ಇದೆ, ನಯವಾಗಿ ಉಳಿದರೆ ಇಲ್ಲ. ಎರಡನೆಯದು ಕೊಳವೆ ಪರೀಕ್ಷೆ. ಅದಕ್ಕೆ ಒಂದು ಇಡೀ ರಾತ್ರಿ ಬೆಚ್ಚಗಿನ ಪೆಟ್ಟಿಗೆಯಲ್ಲಿ ಕಾವು ಕೊಡಬೇಕು. ಅದನ್ನು ನೋಡಿಕೊಳ್ಳುತ್ತಿದ್ದ ಹಿರಿಯರು ಏನು ಕೇಳಿದರೂ "ನಾಳೆ ನೋಡೋಣ" ಅನ್ನುತ್ತಿದ್ದುದರಿಂದ ಎಲ್ಲರಿಗೂ ನಾಳೆ ಸಾರ್ ಆಗಿದ್ದರು. ಮೂರನೆಯದು ಯಂತ್ರದ ಪರೀಕ್ಷೆ. ಅದು ಮೆಷಿನ್ ಮೇಡಂ ಅವರದು. ಅವರು ಯಂತ್ರಕ್ಕೆ ಹೂವಿನ ಚಿತ್ರದ ಮುಸುಕು ಹೊಲಿದು ಹಾಕಿದ್ದರು, ಬೇರೆಯವರು ಅದರ ಮುಂದೆ ಗಟ್ಟಿಯಾಗಿ ಮಾತಾಡಿದರೂ ಸಹಿಸುತ್ತಿರಲಿಲ್ಲ.

ಈ ಮೂವರಿಗೂ ಒಬ್ಬರನ್ನು ಕಂಡರೆ ಒಬ್ಬರಿಗೆ ಆಗದು. ಮೂರು ಪರೀಕ್ಷೆಗಳಿಗಂತೂ ಮೊದಲೇ ಆಗದು. ಆದರೆ ನಿರ್ದೇಶಕರಿಗೆ ಆಗದಿದ್ದದ್ದು ನಲವತ್ತೊಂಬತ್ತು ಎಂಬ ಸಂಖ್ಯೆ. "ಐವತ್ತು ಅಂದ್ರೆ ವಿಜ್ಞಾನ ಕಣಯ್ಯ. ನಲವತ್ತೊಂಬತ್ತು ಅಂದ್ರೆ ಯಾರೋ ಒಂದನ್ನ ಮನೆಗೆ ಹೊಡ್ಕೊಂಡು ಹೋದ ಹಾಗೆ ಕಾಣುತ್ತೆ" ಎಂದು ಅವರು ಅದೇ ದಿನ ಬೆಳಿಗ್ಗೆ ಎಚ್ಚರಿಸಿದ್ದರು.

ಆ ಹೊತ್ತಿನಲ್ಲಿ ಹಸುವನ್ನು ಎಲ್ಲಿಂದ ತರುವುದು? ಹಂಗಾಮಿ ಸಿಂಕಿನ ಮುಂದೆ ನಿಂತು ತಲೆ ಕೆರೆದುಕೊಂಡ. ಆಮೇಲೆ ಬಾಗಿಲು ಹಾಕಿ, ತನ್ನ ತೋಳು ಮಡಚಿ, ಸೂಜಿ ಚುಚ್ಚಿಕೊಂಡು ಒಂದು ಕೊಳವೆ ರಕ್ತ ತೆಗೆದ. ಲೆಕ್ಕಾಚಾರ ಸರಿಯಾಗಿಯೇ ಇತ್ತು. ತಾನು ಆರೋಗ್ಯವಂತ ಮನುಷ್ಯ. ಮೂರು ಪರೀಕ್ಷೆಗಳೂ ಇಲ್ಲ ಅನ್ನುತ್ತವೆ. ಇಲ್ಲ ಅನ್ನಿಸಿಕೊಂಡ ಹಸುವನ್ನು ಯಾರೂ ಹುಡುಕಿಕೊಂಡು ಹೋಗುವುದಿಲ್ಲ. ಕೊಳವೆಗೆ ಚೀಟಿ ಅಂಟಿಸಿ, ಹಸು ಎಂದು ಬರೆದ. ಬಣ್ಣ ಕೆಂಪು ಎಂದ. ಮಕ್ಕಳನ್ನು ನೆನೆದು ಎರಡು ಸೂಲು ಎಂದ. ಮಾಲೀಕರು ಎಂಬಲ್ಲಿ ಪೆನ್ನು ಸ್ವಲ್ಪ ತಡೆಯಿತು. ಸುಳ್ಳು ಬರೆಯಲು ಮನಸ್ಸು ಒಪ್ಪದೆ ಹೆಂಡತಿಯ ಹೆಸರು, ಫೋನ್ ನಂಬರು ಬರೆದ.

ಬೆಳಿಗ್ಗೆ ನಿರ್ದೇಶಕರ ಕೋಣೆಯಲ್ಲಿ ಮೂವರೂ ಫಲಿತಾಂಶ ಹಿಡಿದು ಕುಳಿತರು. ರೋಗವಿಲ್ಲದ ಹಸುಗಳ ವಿಷಯದಲ್ಲಿ ಹೇಗೋ ಸಾಗಿತು. ರೋಗದ ವಿಷಯ ಬಂದಾಗ ಜಗಳ ಹತ್ತಿಕೊಂಡಿತು. ಗುಲಾಬಿ ಇದೆ ಅಂದರೆ ಕೊಳವೆ ಇಲ್ಲ ಅನ್ನುತ್ತಿತ್ತು. ಕೊಳವೆ ಇದೆ ಅಂದರೆ ಯಂತ್ರ ಇಲ್ಲ ಅನ್ನುತ್ತಿತ್ತು.

"ನಿಮ್ಮ ಗುಲಾಬಿಗೆ ಎಲ್ಲ ಹಸುವಿನಲ್ಲೂ ರೋಗಾನೇ ಕಾಣುತ್ತೆ" ಎಂದರು ಮೆಷಿನ್ ಮೇಡಂ.

"ನಿಮ್ಮ ಮೆಷಿನ್‌ಗೆ ಕರೆಂಟ್ ಹೋದ್ರೆ ಏನೂ ಕಾಣಲ್ಲ" ಎಂದರು ನಾಳೆ ಸಾರ್.

ನಿರ್ದೇಶಕರು ಹಣೆ ಹಿಡಿದುಕೊಂಡರು. "ಆಯುಕ್ತರ ಮುಂದೆ ಏನಂತ ಹೇಳಲಿ? ಮೂರು ಪರೀಕ್ಷೆ ಇದೆ ಸಾರ್, ಮೂರೂ ಮಾತು ಬಿಟ್ಟಿವೆ ಅನ್ಲಾ? ಐವತ್ತನೇದು ಹೇಳಿ, ಮುಗಿಸೋಣ."

"ಗುಲಾಬಿ ನೋಡಿಲ್ಲ ಸಾರ್. ಈಗ ನೋಡ್ತೀನಿ" ಎಂದು ಹಂಗಾಮಿ ಅಲ್ಲೇ ಬಿಲ್ಲೆಯ ಮೇಲೆ ತೊಟ್ಟು ಹಾಕಿ ತೂಗಿದ. ತನ್ನದೇ ರಕ್ತವಾದ್ದರಿಂದ ಸಾವಕಾಶವಾಗಿ, ಅಕ್ಕರೆಯಿಂದ ತೂಗಿದ. ನೋಡನೋಡುತ್ತಿದ್ದಂತೆ ಅದು ತರಿತರಿಯಾಗಿ ಒಡೆಯಿತು.

"ಇದೆ" ಎಂದರು ನಿರ್ದೇಶಕರು, ಅವನ ಭುಜದ ಮೇಲಿಂದ ಬಗ್ಗಿ ನೋಡಿ. "ಮೇಡಂ?"

ಮೆಷಿನ್ ಮೇಡಂ ಕಾಗದ ನೋಡಿ ಒಲ್ಲದ ಮನಸ್ಸಿನಿಂದ ಹೇಳಿದರು. "ಇದೆ. ಜೋರಾಗೇ ಇದೆ."

ನಾಳೆ ಸಾರ್ ತಮ್ಮ ಕೊಳವೆಗಳನ್ನು ಬೆಳಕಿಗೆ ಹಿಡಿದರು. "ನಾಳೆ ಇನ್ನೊಂದ್ಸಲ ನೋಡಬಹುದು. ಆದ್ರೆ ಇವತ್ತಿಗೆ ಇದೆ" ಎಂದರು.

ರೋಗ ಇದೆ ಎಂದು ಮೂರೂ ಪರೀಕ್ಷೆಗಳು ಒಟ್ಟಿಗೆ ಹೇಳಿದ್ದು ಆ ಕಟ್ಟಡದಲ್ಲಿ ಅದೇ ಮೊದಲು. ನಿರ್ದೇಶಕರ ಕಣ್ಣು ಒದ್ದೆಯಾಯಿತು. ಮೆಷಿನ್ ಮೇಡಂ ನಾಳೆ ಸಾರ್ ಕಡೆ ನೋಡಿ ನಕ್ಕರು. ಹಂಗಾಮಿ ಮಾತ್ರ ತನ್ನ ನಾಡಿ ಹಿಡಿದು ನೋಡಿಕೊಂಡ. ಕೆಲವು ತಿಂಗಳಿಂದ ಸಂಜೆಯಾದರೆ ಜ್ವರ ಬರುತ್ತಿತ್ತು, ಸೊಂಟ ಹಿಡಿದುಕೊಳ್ಳುತ್ತಿತ್ತು, ರಾತ್ರಿ ಬೆವರಿಳಿಯುತ್ತಿತ್ತು. ಹೆಂಡತಿ ಅದನ್ನು ಸೋಮಾರಿತನ ಅಂದಿದ್ದಳು, ಅವನು ವಯಸ್ಸು ಅಂದುಕೊಂಡಿದ್ದ. ಮನುಷ್ಯನಿಗೂ ಈ ರೋಗ ತಗಲುತ್ತದೆ ಎಂದು ಅವನಿಗೆ ಗೊತ್ತಿತ್ತು. ತಾನೂ ಮನುಷ್ಯನೇ ಎಂಬುದು ಆ ಲೆಕ್ಕದಲ್ಲಿ ಎಂದೂ ಹೊಳೆದಿರಲಿಲ್ಲ. ಅವನಿಗೆ ನಿಜಕ್ಕೂ ಹೆದರಿಕೆಯಾಯಿತು.

"ಇದು ಸಾಮಾನ್ಯ ಹಸು ಅಲ್ಲ" ಎಂದರು ನಿರ್ದೇಶಕರು. "ಆಯುಕ್ತರಿಗೆ ಇದನ್ನೇ ತೋರಿಸಬೇಕು. ಮಧ್ಯಾಹ್ನದೊಳಗೆ ಹಸು ಅಂಗಳದಲ್ಲಿ ನಿಂತಿರಬೇಕು. ಯಾರದಿದು? ಫೋನ್ ನಂಬರ್ ಇದೆಯಲ್ಲ, ನಾನೇ ಮಾತಾಡ್ತೀನಿ."

ಈಗ ನಿಜ ಹೇಳಿದರೆ ಹುದ್ದೆ ಹೋಯಿತು. ಹಂಗಾಮಿ ಹೊಟ್ಟೆ ಹಿಡಿದುಕೊಂಡು ಹೊರಗೋಡಿ ಹೆಂಡತಿಗೆ ಫೋನ್ ಮಾಡಿದ.

"ಲೇ, ಈಗ ನಮ್ಮ ಡೈರೆಕ್ಟರು ಫೋನ್ ಮಾಡ್ತಾರೆ. ಹಸು ಬಗ್ಗೆ ಕೇಳ್ತಾರೆ. ನಮ್ಮದೇ ಅನ್ನು."

"ನಮಗೆಲ್ಲಿದೆ ಹಸು?"

"ನಾನೇ ಕಣೇ ಅದು. ಆಮೇಲೆ ಹೇಳ್ತೀನಿ."

ಇಷ್ಟು ವರ್ಷ ಸಂಸಾರ ಮಾಡಿದ ಮೇಲೆ ಆ ಸುದ್ದಿ ಅವಳಿಗೆ ಅಷ್ಟೇನೂ ಹೊಸದೆನಿಸಲಿಲ್ಲವೋ ಏನೋ, "ಸರಿ" ಎಂದಳು.

ಹಂಗಾಮಿ ಒಳಗೆ ಬರುವಷ್ಟರಲ್ಲಿ ನಿರ್ದೇಶಕರು ಎಲ್ಲರಿಗೂ ಕೇಳಿಸುವಂತೆ ಫೋನನ್ನು ಮೇಜಿನ ಮೇಲಿಟ್ಟು ಮಾತಿಗಿಳಿದಿದ್ದರು. ಅವನ ಸ್ವಂತ ಹೆಸರನ್ನೇ ಮರೆತವರಿಗೆ ಅವನ ಹೆಂಡತಿಯ ದನಿ ಗುರುತು ಸಿಗುವ ಪ್ರಶ್ನೆಯೇ ಇರಲಿಲ್ಲ.

"ಅಮ್ಮಾ, ನಿಮ್ಮ ಹಸು ಮೇವು ಸರಿಯಾಗಿ ತಿನ್ನುತ್ತಾ?"

"ತಿನ್ನೋದಕ್ಕೇನೂ ಕಮ್ಮಿ ಇಲ್ಲ ಸಾರ್. ಮುಂದೆ ಇಟ್ಟಿದ್ದನ್ನೆಲ್ಲ ತಿನ್ನುತ್ತೆ. ಕೆಲಸ ಹೇಳಿದ್ರೆ ಮಾತ್ರ ಕಿವಿ ಕೇಳಲ್ಲ."

"ಜ್ವರ ಏನಾದ್ರೂ?"

"ಸಂಜೆಯಾದ್ರೆ ಮೈ ಬಿಸಿ ಇರುತ್ತೆ. ಮೂಲೇಲಿ ಬಿದ್ಕೊಂಡು ನರಳುತ್ತೆ. ಎಬ್ಬಿಸಿದ್ರೂ ಏಳಲ್ಲ."

ನಾಳೆ ಸಾರ್ ತಲೆದೂಗಿ "ಲಕ್ಷಣ ಹೊಂದುತ್ತೆ" ಎಂದರು.

"ಒದೆಯುತ್ತಾ?" ಎಂದು ಮೆಷಿನ್ ಮೇಡಂ ನಡುವೆ ಬಾಯಿ ಹಾಕಿದರು.

"ಅಷ್ಟು ಧೈರ್ಯ ಇಲ್ಲ ಮೇಡಂ. ಜೋರಾಗಿ ಗದರಿದ್ರೆ ಹೊರಗೆ ಹೋಗಿ ನಿಂತ್ಕೊಳ್ಳುತ್ತೆ."

"ಇಂಥ ಸಾಧು ಹಸು ಅಪರೂಪ ಕಣಮ್ಮ. ಮಧ್ಯಾಹ್ನ ಸ್ವಲ್ಪ ನಮ್ಮ ಆಫೀಸಿಗೆ ಕರ್ಕೊಂಡು ಬರ್ತೀರಾ?" ಎಂದರು ನಿರ್ದೇಶಕರು.

"ಅದು ದಿನಾ ಅಲ್ಲಿಗೇ..." ಎಂದು ಅವಳು ಶುರು ಮಾಡುತ್ತಿದ್ದಂತೆ ಹಂಗಾಮಿ ಜೋರಾಗಿ ಕೆಮ್ಮಿದ. "ಬರ್ತೀವಿ ಸಾರ್" ಎಂದು ಅವಳು ಫೋನಿಟ್ಟಳು.

ಇನ್ನು ಒಂದು ಹಸು ಬೇಕು. ಕೆಂಪಗಿರಬೇಕು, ಎರಡು ಸೂಲಿನದಿರಬೇಕು. ಹಂಗಾಮಿಗೆ ತಮ್ಮ ಬೀದಿಯ ಹಾಲಿನಕ್ಕ ನೆನಪಾದಳು. ಮನೆಮನೆಗೆ ಹಾಲು ಹಾಕುವ ಅವಳ ಹಿತ್ತಲಲ್ಲಿ ನಾಲ್ಕಾರು ಹಸುಗಳಿದ್ದವು. ಅವನು ಅರ್ಧ ತಾಸಿನ ರಜೆ ಕೇಳಿ ಓಡಿದ.

"ಅಕ್ಕಾ, ಒಂದು ಕೆಂಪು ಹಸು ಬೇಕು. ಮಧ್ಯಾಹ್ನದ ಮಟ್ಟಿಗೆ. ಸಾಧುವಾಗಿರಬೇಕು."

"ಹಾಲಿಗಾ, ಮಾರೋದಕ್ಕಾ?"

"ಸುಮ್ನೆ ನಿಂತ್ಕೊಳ್ಳೋದಕ್ಕೆ. ದೊಡ್ಡೋರು ಬಂದು ನೋಡ್ತಾರೆ, ಹೋಗ್ತಾರೆ. ಯಾರಾದ್ರೂ ಕೇಳಿದ್ರೆ ನನ್ನ ಹೆಂಡತೀದು ಅನ್ಬೇಕು."

ಹಾಲಿನಕ್ಕ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಅವಳಿಗೆ ಅರ್ಥವಾಗಲಿಲ್ಲ, ಆದರೆ ದೊಡ್ಡವರು ಬಂದು ನೋಡುತ್ತಾರೆ ಎಂಬುದು ಹಿಡಿಸಿತು. "ಹಗ್ಗ ಮಾತ್ರ ನಾನೇ ಹಿಡ್ಕೊಳ್ಳೋದು. ಬೇರೆಯವರ ಕೈಗೆ ಕೊಡಲ್ಲ" ಎಂದಳು. ಹಸುವಿನ ಮೈ ತೊಳೆದು, ಕೊಂಬಿಗೆ ಎಣ್ಣೆ ಹಚ್ಚಿ, ತಾನೂ ಹೊಸ ಸೀರೆ ಉಟ್ಟು ಸಿದ್ಧಳಾದಳು.

ಮಧ್ಯಾಹ್ನ ಪರೀಕ್ಷಾಲಯದ ಗೇಟಿನಲ್ಲಿ ಮುಂದೆ ಹಂಗಾಮಿಯ ಹೆಂಡತಿ, ಹಿಂದೆ ಹಾಲಿನಕ್ಕ, ಅವಳ ಹಿಂದೆ ಹಸು ಬಂತು. ಗೇಟಿನ ಕಾವಲುಗಾರ ಮೂವರನ್ನೂ ಯಾರನ್ನು ನೋಡಬೇಕು ಎಂದು ಕೇಳಿ ಒಳಗೆ ಬಿಟ್ಟ. ಹಂಗಾಮಿ ಗೋಡೆಯ ಮರೆಯಲ್ಲಿ ಹೆಂಡತಿಗೆ ನಡೆದದ್ದನ್ನೆಲ್ಲ ಪಿಸುಗುಟ್ಟಿದ. ಅವಳು ಬೈಯಲೆಂದೇ ಬಾಯಿ ತೆರೆದವಳು, ಅರ್ಧಕ್ಕೆ ನಿಲ್ಲಿಸಿ ಅವನ ಹಣೆ ಮುಟ್ಟಿ ನೋಡಿದಳು.

"ಅಂದ್ರೆ ನಿಮಗೆ ನಿಜವಾಗ್ಲೂ ಕಾಯಿಲೆನಾ? ನಾನು ಸೋಮಾರಿ ಅಂತಿದ್ನಲ್ಲ."

"ಮಾತ್ರೆ ತಗೊಂಡ್ರೆ ವಾಸಿಯಾಗುತ್ತೆ ಬಿಡು. ಮೊದ್ಲು ಕೆಲಸ ಕಾಯಂ ಆಗ್ಲಿ."

ಅವಳ ಕಣ್ಣಲ್ಲಿ ನೀರಾಡಿತು. ಗಂಡನಿಗೆ ದನದ ರೋಗ ಬಂದದ್ದಕ್ಕೆ ಅಳಬೇಕೋ, ಆ ರೋಗದ ನಡುವೆಯೂ ಅವನು ಕೆಲಸದ ಚಿಂತೆ ಮಾಡುತ್ತಿರುವುದಕ್ಕೆ ನಗಬೇಕೋ ತಿಳಿಯದೆ ಸೆರಗಿನಿಂದ ಮೂಗು ಒರೆಸಿಕೊಂಡಳು.

ಆಯುಕ್ತರು ಬಂದರು. ಉದ್ದದ ಮನುಷ್ಯ, ಮಾತು ಕಮ್ಮಿ. ನಿರ್ದೇಶಕರು ಉಸಿರು ಬಿಡದೆ ಮೂರು ಪರೀಕ್ಷೆಗಳ ಗುಣಗಾನ ಮಾಡಿ, ಐವತ್ತನೆಯ ಹಸುವಿನ ಮುಂದೆ ಅವರನ್ನು ನಿಲ್ಲಿಸಿದರು. ಆಯುಕ್ತರು ಹಂಗಾಮಿಯ ಹೆಂಡತಿಯತ್ತ ತಿರುಗಿ, "ಎಷ್ಟು ಹಾಲು ಕೊಡುತ್ತಮ್ಮ?" ಎಂದರು.

ಅವಳು ಹಾಲಿನಕ್ಕನ ಮುಖ ನೋಡಿದಳು.

"ಹಸು ಇವರದ್ದೇ ಸಾರ್" ಎಂದಳು ಹಾಲಿನಕ್ಕ. "ಮೇವು ಹಾಕೋಳು, ಸಗಣಿ ಬಾಚೋಳು, ಹಾಲು ಕರೆದು ಮಾರೋಳು ಮಾತ್ರ ನಾನು."

"ಒಳ್ಳೆ ಏರ್ಪಾಡು" ಎಂದರು ಆಯುಕ್ತರು.

"ಈಗ ತಮ್ಮ ಕಣ್ಣೆದುರೇ ಹೊಸದಾಗಿ ರಕ್ತ ತೆಗೆದು ಪರೀಕ್ಷೆ ಮಾಡಿ ತೋರಿಸ್ತೀವಿ ಸಾರ್" ಎಂದರು ನಿರ್ದೇಶಕರು. ಹಂಗಾಮಿಗೆ ಇದು ಬರುತ್ತದೆ ಎಂದು ಮೊದಲೇ ಅನ್ನಿಸಿತ್ತು. ಆರೋಗ್ಯವಂತ ಹಸುವಿನ ರಕ್ತ ಕೊಟ್ಟರೆ ಬಂಡವಾಳವೆಲ್ಲ ಬಯಲಾಗುತ್ತದೆ. ಆದ್ದರಿಂದ ಅವನು ಆಗಲೇ ಸಾಮಾನಿನ ಕೋಣೆಯಲ್ಲಿ ಡಬ್ಬಗಳ ಹಿಂದೆ ಕೂತು ಮತ್ತೊಮ್ಮೆ ತನ್ನ ತೋಳಿಗೆ ಚುಚ್ಚಿಕೊಂಡು, ಒಂದು ಕೊಳವೆ ತುಂಬಿಸಿ ಎಡಜೇಬಿನಲ್ಲಿ ಇಟ್ಟುಕೊಂಡಿದ್ದ. ಈಗ ಎಲ್ಲರೆದುರು ಹಸುವಿನ ಕತ್ತಿನ ನರಕ್ಕೆ ಸೂಜಿ ಹಾಕಿ ಇನ್ನೊಂದು ಕೊಳವೆ ತುಂಬಿಸಿದ. ಹಸು ಅವನ ಕಾಲು ತುಳಿದುಕೊಂಡೇ ನಿಂತಿತ್ತು. ಪರೀಕ್ಷಾ ಕೋಣೆಗೆ ಹೋಗುವ ಮೆಟ್ಟಿಲ ತಿರುವಿನಲ್ಲಿ ಹಸುವಿನ ಕೊಳವೆ ಬಲಜೇಬಿಗೆ ಇಳಿಯಿತು, ಅವನದು ಕೈಗೆ ಬಂತು.

ಕೊಳವೆಯನ್ನು ಗರಗರ ತಿರುಗಿಸುವ ಬೇರೊಂದು ಯಂತ್ರದಲ್ಲಿಟ್ಟು ತಿಳಿ ತೆಗೆದು, ಬಿಳಿ ಬಿಲ್ಲೆಯ ಮೇಲೆ ತೊಟ್ಟು ಹಾಕಿ ತೂಗಿದ. ಆಯುಕ್ತರು ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. ಗುಲಾಬಿ ಬಣ್ಣ ತರಿತರಿಯಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಕೈ ಖಾಲಿ ಇಲ್ಲದ್ದರಿಂದ ಹಂಗಾಮಿ ತಟ್ಟಲಿಲ್ಲ, ಅಷ್ಟೆ. ಗೆದ್ದೆ ಅಂದುಕೊಂಡ.

"ಇದನ್ನ ಬಿಡಬಾರದು" ಎಂದರು ಆಯುಕ್ತರು. ಅವರ ದನಿಯಲ್ಲಿ ಮೊದಲ ಬಾರಿಗೆ ಜೀವ ಬಂದಿತ್ತು. "ಮೂರೂ ಪರೀಕ್ಷೆ ಒಪ್ಪೋ ಹಸು ಅಂದ್ರೆ ಅಳತೆಗೋಲು ಇದ್ದ ಹಾಗೆ. ಇನ್ನು ಯಾವ ಪರೀಕ್ಷೆ ಬಂದ್ರೂ ಮೊದ್ಲು ಇದರ ರಕ್ತದಲ್ಲಿ ನೋಡಬೇಕು. ಇದು ಇಲ್ಲೇ ಇರ್ಲಿ, ಕಾಯಂ ಆಗಿ."

"ಇರ್ಲಿ ಸಾರ್" ಎಂದರು ನಿರ್ದೇಶಕರು. "ಆದ್ರೆ ಮೇವು, ಕೊಟ್ಟಿಗೆ ಇದಕ್ಕೆಲ್ಲ ಮಂಜೂರಾತಿ ಇಲ್ಲ."

"ಮಂಜೂರಾಗಿರೋದು ಏನಿದೆ?"

"ಒಂದು ಹುದ್ದೆ ಇದೆ ಸಾರ್."

"ಅದರಲ್ಲಿ ಸೇರಿಸಿ."

ಹಂಗಾಮಿ ಒಂದು ಹೆಜ್ಜೆ ಮುಂದೆ ಬಂದ. "ಸಾರ್, ಅದು ನನ್ನ ಹುದ್ದೆ" ಎಂದ, ಬಿಕ್ಕುವ ದನಿಯಲ್ಲಿ.

ಆಯುಕ್ತರು ನಿರ್ದೇಶಕರತ್ತ ನೋಡಿದರು. ನಿರ್ದೇಶಕರು ಸೂರು ನೋಡಿದರು. "ನಿಮ್ಮಂಥವರು ಸಿಗ್ತಾರಪ್ಪ. ಇಂಥ ರಕ್ತ ಸಿಗಲ್ಲ" ಎಂದರು ಆಯುಕ್ತರು, ಸಮಾಧಾನ ಹೇಳುವ ದನಿಯಲ್ಲಿ.

ಆ ಮಾತು ಕೇಳಿದ್ದೇ ತಡ, ಬೆಳಿಗ್ಗೆಯಿಂದ ಮುಚ್ಚಿಟ್ಟುಕೊಂಡಿದ್ದ ಗುಟ್ಟು ಹಂಗಾಮಿಗೆ ಗುಟ್ಟಿನ ಹಾಗೆ ಕಾಣದೆ ಅರ್ಹತೆಯ ಹಾಗೆ ಕಾಣತೊಡಗಿತು. ಅವನು ಎದೆಯುಬ್ಬಿಸಿ ಅಂಗಿಯ ತೋಳು ಮೇಲೇರಿಸಿದ. ಸೂಜಿಯ ಎರಡು ಗುರುತುಗಳು ಎಲ್ಲರಿಗೂ ಕಂಡವು.

"ಇಂಥ ರಕ್ತ ಇಲ್ಲಿದೆ ಸಾರ್. ಆ ಹಸುಗೆ ಏನೂ ಇಲ್ಲ. ರೋಗ ಇರೋದು ನನಗೆ. ಐವತ್ತನೇ ಹಸು ನಾನೇ. ಮೂರೂ ಪರೀಕ್ಷೆ ಒಪ್ಪಿದ್ದು ನನ್ನನ್ನ."

ಮೆಷಿನ್ ಮೇಡಂ ಕುರ್ಚಿ ಹಿಡಿದುಕೊಂಡರು. ನಾಳೆ ಸಾರ್ ಮಾತ್ರ ಎದ್ದು ಬಂದು ಹಂಗಾಮಿಯ ಕಣ್ಣಿನ ರೆಪ್ಪೆ ಎಳೆದು ನೋಡಿ ಹೋಗಿ ಕುಳಿತರು. ಆಯುಕ್ತರು ಶಾಂತವಾಗಿಯೇ ಇದ್ದರು.

"ಅಂದ್ರೆ ನೀನು ಮೋಸ ಮಾಡಿದೀಯ."

"ಮಾಡಿದೀನಿ ಸಾರ್. ಆದ್ರೆ ರೋಗ ಮೋಸದ್ದಲ್ಲ. ಅಪ್ಪಟ. ಅಳತೆಗೋಲೇ ಬೇಕು ಅಂದ್ರೆ ನನ್ನನ್ನ ಇಟ್ಕೊಳ್ಳಿ. ಮೇವು ಬೇಡ, ಕೊಟ್ಟಿಗೆ ಬೇಡ. ಊಟದ ಡಬ್ಬಿ ಮನೆಯಿಂದ ತರ್ತೀನಿ."

ಹೆಂಡತಿ ಕಿಟಕಿಯ ಹೊರಗಿನಿಂದ "ನಾನು ಕಳಿಸ್ತೀನಿ ಸಾರ್" ಎಂದು ಸೇರಿಸಿದಳು.

ಆಯುಕ್ತರು ಯೋಚಿಸಿದರು. ಹಂಗಾಮಿಯ ಮನಸ್ಸಿನಲ್ಲಿ ಆಸೆ ಮತ್ತೆ ತಲೆಯೆತ್ತಿತು. "ಹೇಳೋದು ಬೇಡ, ತೋರಿಸು. 'ಹಸುಗೆ ಇಲ್ಲ, ನನಗಿದೆ' ಅಂದ್ಯಲ್ಲ, ಹಸುವಿನ ರಕ್ತ ಎಲ್ಲಿ?" ಎಂದರು ಆಯುಕ್ತರು.

ಹಂಗಾಮಿ ಬಲಜೇಬಿನಿಂದ ಕೊಳವೆಯನ್ನು ಹೊರತೆಗೆದು, "ಇಲ್ಲಿದೆ ಸಾರ್, ನೋಡಿ ಬೇಕಾದ್ರೆ. ಹಾಲಿನಷ್ಟು ನಯವಾಗಿರುತ್ತೆ" ಎಂದ.

ತಿಳಿ ತೆಗೆದು ತೊಟ್ಟು ಹಾಕಿದ. ತೂಗಿದ. ಎಲ್ಲರ ತಲೆಗಳೂ ಬಿಲ್ಲೆಯ ಮೇಲೆ ಬಗ್ಗಿದವು. ಒಂದು ಕ್ಷಣ ನಯವಾಗಿಯೇ ಇತ್ತು. ಆಮೇಲೆ ಅಂಚಿನಿಂದ ಶುರುವಾಗಿ ನಡುವಿನ ತನಕ ತರಿತರಿಯಾಗಿ ಒಡೆಯಿತು. ಹಂಗಾಮಿಯದಕ್ಕಿಂತ ದಪ್ಪ ತರಿ.

"ತಪ್ಪಿರಬೇಕು" ಎಂದ ಹಂಗಾಮಿ. ತನ್ನ ಗುಲಾಬಿ ಪರೀಕ್ಷೆಯ ಬಗ್ಗೆ ಅವನು ಹಾಗೆ ಹೇಳಿದ್ದು ಜನ್ಮದಲ್ಲಿ ಅದೇ ಮೊದಲು.

ಮೆಷಿನ್ ಮೇಡಂಗೆ ಅಷ್ಟೇ ಸಾಕಾಯಿತು. ಯಂತ್ರದ ಮುಸುಕು ತೆಗೆದು ಎರಡೂ ರಕ್ತಗಳನ್ನು ಹಾಕಿದರು. ಆಯುಕ್ತರು ಕಾದರು, ಎಲ್ಲರೂ ಕಾದರು, ಎರಡು ಸುತ್ತು ಚಹಾ ಬಂತು. ಸಂಜೆಯ ಹೊತ್ತಿಗೆ ಯಂತ್ರ ಎರಡಕ್ಕೂ ಇದೆ ಅಂದಿತು. ನಾಳೆ ಸಾರ್ ತಮ್ಮ ಉತ್ತರ ನಾಳೆ ಎಂದರು. ಆಯುಕ್ತರು ನಾಳೆಯ ತನಕ ತಾವಿರುವುದಿಲ್ಲ ಎಂದರು.

"ಅಕ್ಕಾ, ಏನಿದು?" ಎಂದು ಹಂಗಾಮಿ ಅಂಗಳಕ್ಕೆ ಓಡಿಹೋಗಿ ಕೇಳಿದ. "ನಿನ್ನ ಹಸುಗೆ ರೋಗ ಇದೆ. ಗೊತ್ತಿತ್ತಾ?"

"ರೋಗ ಗೀಗ ನನಗೇನು ಗೊತ್ತಪ್ಪ. ಹೋದ ವರ್ಷ ಒಂದ್ಸಲ ಕಂದು ಹಾಕಿತ್ತು ಅಷ್ಟೆ."

"ಮೊದ್ಲೇ ಯಾಕೆ ಹೇಳ್ಲಿಲ್ಲ?"

"ನೀನು ಕೇಳಿದ್ದು ಸಾಧುನಾ ಅಂತ. ಸಾಧು ಅಲ್ವಾ? ದಿನಾ ಬೆಳಿಗ್ಗೆ ನಿನಗೆ ಹಾಲು ಕೊಡೋದು ಅದೇ."

ಹಂಗಾಮಿ ಹೆಂಡತಿಯತ್ತ ನೋಡಿದ. ಅವಳು ಸೆರಗು ಬಾಯಿಗಿಟ್ಟುಕೊಂಡಿದ್ದಳು. "ನಾವೆಲ್ಲ ಕುದಿಸಿಯೇ ಕುಡಿಯೋದು. ನಿಮಗೆ ಮಾತ್ರ ಹಸಿ ಹಾಲು ಕೊಡ್ತಿದ್ದೆ. ಸುಸ್ತು ಸುಸ್ತು ಅಂತಿದ್ರಲ್ಲ, ಶಕ್ತಿ ಬರ್ಲಿ ಅಂತ" ಎಂದಳು. ಅವನಿಗೆ ಕೋಪ ಬರಲಿಲ್ಲ. ಇಷ್ಟು ದಿನ ತನ್ನನ್ನು ಸೋಮಾರಿ ಎಂದು ಬೈಯುತ್ತಲೇ ಒಂದು ಲೋಟ ಹಾಲನ್ನು ಬೇರೆ ತೆಗೆದಿಡುತ್ತಿದ್ದಳಲ್ಲ ಎಂದು ಕರುಳು ಚುರ್ ಎಂದಿತು.

ಆಯುಕ್ತರು ಕಾರಿನ ಬಾಗಿಲ ಬಳಿ ನಿಂತು ತೀರ್ಪು ಕೊಟ್ಟರು. ರೋಗ ಇಬ್ಬರಿಗೂ ಇದೆ, ಹುದ್ದೆ ಒಂದೇ. ಹಾಗಾದರೆ ಹೋಲಿಸಿ ನೋಡಬೇಕು. ಹಸು ಒಂದು ಸಲಕ್ಕೆ ಬಿಂದಿಗೆಯಷ್ಟು ರಕ್ತ ಕೊಟ್ಟರೂ ನಿಂತೇ ಇರುತ್ತದೆ, ಮನುಷ್ಯ ಒಂದು ಲೋಟ ಕೊಟ್ಟು ಮಲಗುತ್ತಾನೆ. ಹಸುವಿಗೆ ರಜೆ ಬೇಕಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಹಸು ತನ್ನ ರಕ್ತವನ್ನು ಇನ್ನೊಬ್ಬರದೆಂದು ಹೇಳಿಲ್ಲ.

"ಹಸು ಕಾಯಂ" ಎಂದರು. "ಇವನು ನಾಳೆಯೇ ಆಸ್ಪತ್ರೆಗೆ ಹೋಗಿ ಮಾತ್ರೆ ಶುರು ಮಾಡ್ಲಿ. ಮೋಸ ಮಾಡಿದ್ದಕ್ಕೆ ಕೆಲಸದಿಂದ ತೆಗೀಬೇಕಿತ್ತು. ಆದ್ರೆ ಹಸು ನೋಡ್ಕೊಳ್ಳೋಕೆ ಯಾರಾದ್ರೂ ಬೇಕಲ್ಲ, ಆ ರೋಗ ಈಗಾಗ್ಲೇ ಬಂದಿರೋನಾದ್ರೆ ಹೊಸದಾಗಿ ತಗಲೋ ಭಯ ಇಲ್ಲ. ಹಂಗಾಮಿಯಾಗಿ ಇರ್ಲಿ."

ಕಾರು ಹೋಯಿತು. ಹಾಲಿನಕ್ಕ ಮಿಕ್ಕ ಹಸುಗಳ ಹಾಲು ಕರೆಯುವ ಹೊತ್ತಾಯಿತೆಂದು, ಎಂದೂ ಯಾರ ಕೈಗೂ ಕೊಡದ ಹಗ್ಗವನ್ನು ಹಂಗಾಮಿಯ ಕೈಗೆ ಕೊಟ್ಟಳು. ಹಸುವಿನ ಬೆನ್ನು ತಟ್ಟಿ, ಸರ್ಕಾರಿ ಕೆಲಸ ಸಿಕ್ಕ ಮಗಳನ್ನು ಬಿಟ್ಟುಹೋಗುವವಳಂತೆ ಹಿಂತಿರುಗಿ ನೋಡುತ್ತ ಹೋದಳು. ನಿರ್ದೇಶಕರು ಹಂಗಾಮಿಯ ಪಕ್ಕ ಬಂದು ನಿಂತರು. ಅವರಿಗೂ ಒಳಗೊಳಗೇ ಪಾಪ ಅನ್ನಿಸಿತ್ತು.

"ಬೇಜಾರು ಮಾಡ್ಕೋಬೇಡಪ್ಪ. ಮುಂದಿನ ವರ್ಷಕ್ಕೆ ಇನ್ನೊಂದು ಕಾಯಂ ಹುದ್ದೆ ಕೇಳಿದೀನಿ. ಆಯುಕ್ತರು ಹೋಗ್ತಾ ಹೋಗ್ತಾ ಒಪ್ಕೊಂಡ್ರು."

ಹಂಗಾಮಿಯ ಮುಖ ಅರಳಿತು. "ನಿಜವಾಗ್ಲೂನಾ ಸಾರ್?"

"ನಿಜವಾಗ್ಲೂ. ಅದಕ್ಕೇ ಹೇಳ್ತಿರೋದು, ಇದನ್ನ ಚೆನ್ನಾಗಿ ನೋಡ್ಕೋ. ಭಾರ ಎಳೆಸಬೇಡ, ಜಾರೋ ಕಡೆ ನಿಲ್ಲಿಸಬೇಡ. ಹಸು ಈಗ ಗಬ್ಬ ಅಂತೆ, ಹಾಲಿನಕ್ಕ ಹೇಳಿದ್ಲು. ಈ ಸಲ ಕರು ಉಳೀಬೇಕು. ತಾಯಿ ರಕ್ತ, ಕರುವಿನ ರಕ್ತ ಎರಡನ್ನೂ ಹೋಲಿಸ್ಬೇಕು ಅಂತ ಆಯುಕ್ತರ ಆಸೆ. ಹುದ್ದೆ ಕರುವಿಗೆ ಅಂತಲೇ ಕೇಳಿರೋದು."

ಹಂಗಾಮಿ ಹಸುವಿನ ಹೊಟ್ಟೆ ನೋಡಿದ. ಹಸು ಅವನ ಅಂಗಿಯ ತುದಿಯನ್ನು ಮೆಲ್ಲಗೆ ಅಗಿಯುತ್ತಿತ್ತು. ಕೊಟ್ಟಿಗೆಗೆಂದು ಹುಲ್ಲಿನ ಕಂತೆ ಹೊತ್ತು ತಂದ ಹೆಂಡತಿ ಅದನ್ನು ಕೆಳಗಿಳಿಸಿ, ಗಂಡನ ಕೈ ಹಿಡಿದು ಹಗ್ಗವನ್ನು ಎರಡು ಸುತ್ತು ಸುತ್ತಿದಳು.

"ರೀ, ಸ್ವಲ್ಪ ಬಾಗಿ ನಿಂತ್ಕೊಳ್ಳಿ. ಇನ್ಮೇಲೆ ಅವರು ನಿಮಗಿಂತ ದೊಡ್ಡ ಹುದ್ದೇಲಿರೋರು" ಎಂದಳು.